ಛಾಯಾಚಿತ್ರದ ಗುಣವಿಚಾರ: ಫಿಲ್ಮೂ ಡಿಜಿಟಲ್ಲೂ

ಈ ಸ್ಮರಣ ಸಂಚಿಕೆಗೆ ಬೇಕಾದ ಚಿತ್ರಗಳನ್ನು ಕೂಡಿಸುತ್ತಿದ್ದ ಸಮಯದಲ್ಲಿ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನಮ್ಮನ್ನು ಪದೇ ಪದೇ ಕೇಳಿದ ಒಂದು ಪ್ರಶ್ನೆಯುಂಟು. ಹಿಂದೆ ಫಿಲ್ಮಿನ ಮೇಲೆ ತೆಗೆಯುತ್ತಿದ್ದ ಚಿತ್ರ ಉತ್ತಮವೋ, ಈಗ ಡಿಜಿಟಲ್ ಕ್ಯಾಮರಾದಿಂದಲೂ ಮೊಬೈಲ್ ಫೋನಿನಿಂದಲೂ ತೆಗೆಯುವ ಚಿತ್ರ ಉತ್ತಮವೋ ಎಂಬುದೇ ಆ ಪ್ರಶ್ನೆ. ಹಳೆಯ ಚಿತ್ರದ ಸೊಗಸು ಹೊಸದಕ್ಕೆ ಬಾರದೆಂದು ಕೆಲವರು ಹೇಳುವರು. ಹೊಸ ಚಿತ್ರದ ನಿಚ್ಚಳತೆಯ ಮುಂದೆ ಹಳೆಯದು ನಿಲ್ಲಲಾರದೆಂದು ಬೇರೆ ಕೆಲವರು ವಾದಿಸುವರು. ಎರಡು ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಯಾವ ಅಂಶದಲ್ಲಿ ಯಾವುದು ಮೇಲು, ಅದಕ್ಕೆ ಕಾರಣವೇನು ಎಂಬುದನ್ನು ಶಕ್ತ್ಯನುಸಾರವಾಗಿ ಇಲ್ಲಿ ವಿವರಿಸುತ್ತೇವೆ.

ಇದು ಕೇವಲ ಯಂತ್ರಗಳ ವಿಷಯವಾದ ಚರ್ಚೆಯೆಂದು ವಾಚಕರು ಎಣಿಸಬಾರದು. ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಹುಡುಗಿಯೊಬ್ಬಳ ಚಿತ್ರ ತೆಗೆಸುವುದು ಬಹುಕಾಲ ಅಪರೂಪದ ಸಂಗತಿಯಾಗಿತ್ತು. ಮದುವೆಯ ದಿನಕ್ಕೆ ಮುಂಚೆ ಅವಳ ಮುಖ ಕಾಗದದ ಮೇಲೆ ಮೂಡಿದ್ದರೆ ಅದು ಪ್ರಾಯಶಃ ಶಾಲೆಯ ಗ್ರೂಪ್ ಫೋಟೋದಲ್ಲಿ ಮಾತ್ರ. ಆದಕಾರಣ ಎಷ್ಟೋ ಮನೆಗಳಲ್ಲಿ ಅಜ್ಜಿಯ ಬಾಲ್ಯಕ್ಕೆ ಉಳಿದಿರುವ ಸಾಕ್ಷಿ ಅದೊಂದೇ ಆಗಿರುತ್ತದೆ. ಮೊಮ್ಮಕ್ಕಳು ಬಂದು, “ಹಿಂದಿನ ಸಾಲಿನಲ್ಲಿ ಎಡದಿಂದ ಏಳನೆಯವರು ನಮ್ಮಜ್ಜಿಯಂತೆ; ಆ ಮುಖವನ್ನು ಮಾತ್ರ ದೊಡ್ಡದು ಮಾಡಿಸಿಕೊಡುವಿರಾ, ಅಮ್ಮಾ?” ಎಂದು ಕೇಳುವಾಗ ಆ ಚಿತ್ರದ ಗುಣವೇನೆಂಬುದು ಒಂದೇ ಗಳಿಗೆಯಲ್ಲಿ ತಿಳಿದುಬರುತ್ತದೆ. ದೊಡ್ಡದು ಮಾಡಿದಂತೆಲ್ಲ ಕಣ್ಣು, ಮೂಗು, ಬೈತಲೆ, ತುಟಿಯಂಚಿನ ನಗು ಇವು ಕಾಣಿಸಿಕೊಂಡರೆ ಅದು ಒಳ್ಳೆಯ ಚಿತ್ರ. ಮುಖವೆಲ್ಲ ಬೂದುಬಣ್ಣದ ಕಲೆಯಾಗಿ ಹೋದರೆ ಅಲ್ಲ. ಇಂದು ನಾವು ತೆಗೆಯುತ್ತಿರುವ ಚಿತ್ರಗಳಿಗೂ ಮುಂದೆ ಇದೇ ಪರೀಕ್ಷೆ ಕಾದಿದೆ. ಆದ್ದರಿಂದ ಹಿಂದಿನ ಸಾಲಿನ ಆ ಹುಡುಗಿಯ ಮುಖವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಈ ವಿಚಾರವನ್ನು ನಡೆಸೋಣ.

ಫಿಲ್ಮಿನ ಮೇಲೆ ಚಿತ್ರ ಮೂಡುವ ಬಗೆ

ಎರಡು ಬಗೆಯ ಕ್ಯಾಮರಾಗಳಿಗೂ ಮುಂಭಾಗ ಒಂದೇ. ಲೆನ್ಸು ಹೊರಗಿನ ಬೆಳಕನ್ನು ಕೂಡಿಸಿ ಒಳಗೆ ತಲೆಕೆಳಗಾದ ಬಿಂಬವನ್ನು ಬೀಳಿಸುತ್ತದೆ. ಆ ಬಿಂಬವು ಯಾವುದರ ಮೇಲೆ ಬೀಳುತ್ತದೆ ಎಂಬುದರಲ್ಲಿಯೇ ಭೇದವಿರುವುದು.

ಫಿಲ್ಮೆಂಬುದು ಪಾರದರ್ಶಕವಾದ ತೆಳುಹಾಳೆ. ಅದಕ್ಕೆ ಮೊದಲು ಗಾಜಿನ ಹಲಗೆಯನ್ನು, ಅಂದರೆ ಪ್ಲೇಟನ್ನು, ಉಪಯೋಗಿಸುತ್ತಿದ್ದರು. ಅದರ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆಳ್ಳಿಯ ಲವಣಗಳ ಅತಿ ಸೂಕ್ಷ್ಮವಾದ ಹರಳುಗಳನ್ನು ಬೆರೆಸಿ ಲೇಪಿಸಿರುತ್ತಾರೆ. ಬೆಳಕು ತಗುಲಿದ ಹರಳಿನಲ್ಲಿ ಕಣ್ಣಿಗೆ ಕಾಣದ ಬದಲಾವಣೆಯೊಂದು ಉಂಟಾಗುತ್ತದೆ. ಕತ್ತಲೆ ಕೋಣೆಯಲ್ಲಿ ಡೆವಲಪರ್ ದ್ರಾವಣದೊಳಗೆ ಮುಳುಗಿಸಿದಾಗ ಅಂಥ ಹರಳುಗಳು ಕಪ್ಪಾದ ಬೆಳ್ಳಿಯಾಗಿ ಮಾರ್ಪಡುತ್ತವೆ. ಬೆಳಕು ಕಾಣದೆ ಉಳಿದ ಹರಳುಗಳನ್ನು ಹೈಪೋ ನೀರು ಕರಗಿಸಿ ತೆಗೆಯುತ್ತದೆ. ಬೆಳಕು ಹೆಚ್ಚಾಗಿ ಬಿದ್ದ ಕಡೆ ಕಪ್ಪು, ಕಡಿಮೆ ಬಿದ್ದ ಕಡೆ ತಿಳಿ; ಇದೇ ನೆಗೆಟಿವು. ಬಣ್ಣದ ಫಿಲ್ಮಿನಲ್ಲಿ ಕೆಂಪು, ಹಸುರು, ನೀಲಿ ಬೆಳಕುಗಳಿಗೆ ಬೇರೆ ಬೇರೆಯಾಗಿ ಲೇಪಗಳಿರುತ್ತವೆ. ಕೊನೆಗೆ ಬೆಳ್ಳಿಯನ್ನು ತೆಗೆದುಹಾಕಿ, ಅದಿದ್ದ ಸ್ಥಾನದಲ್ಲಿ ಉತ್ಪನ್ನವಾದ ವರ್ಣದ್ರವ್ಯಗಳನ್ನು ಮಾತ್ರ ಉಳಿಸುತ್ತಾರೆ.

ಈ ಹರಳುಗಳು ಕಣದಲ್ಲಿ ಹರವಿದ ರಾಗಿಯಂತೆ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಅವುಗಳಿಗೆ ಸಾಲೂ ಇಲ್ಲ, ಸಮಗಾತ್ರವೂ ಇಲ್ಲ. ಹರಳು ಸಣ್ಣದಾದಷ್ಟೂ ಚಿತ್ರ ನಯವಾಗಿರುತ್ತದೆ, ಆದರೆ ಬೆಳಕು ಹೆಚ್ಚು ಬೇಕಾಗುತ್ತದೆ. ಹರಳು ದೊಡ್ಡದಾದರೆ ಮಂದ ಬೆಳಕಿನಲ್ಲಿಯೂ ಚಿತ್ರ ಬರುತ್ತದೆ, ಆದರೆ ದೊಡ್ಡದು ಮಾಡಿದಾಗ ಮುಖದ ಮೇಲೆ ಹಿಟ್ಟು ಉದುರಿಸಿದಂತೆ ಕಾಳುಕಾಳಾಗಿ ಕಾಣುತ್ತದೆ.

ನಂಜನಗೂಡಿನ ಮೇಲೆ ಹಾದುಹೋಗುವ ಊಟಿಯ ರಸ್ತೆಯನ್ನು ಹಿಡಿದು ಹೋದರೆ ಸಿಕ್ಕುವ ಉದಕಮಂಡಲದಲ್ಲಿಯೇ ಭಾರತ ಸರ್ಕಾರಕ್ಕೆ ಸೇರಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕಾರ್ಖಾನೆಯು ೧೯೬೦ರಲ್ಲಿ ಸ್ಥಾಪಿತವಾಗಿ, ೧೯೬೭ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ‘ಇಂದು’ ಎಂಬ ಹೆಸರಿನ ಅದರ ಕಪ್ಪುಬಿಳುಪಿನ ಫಿಲ್ಮು ದೇಶದ ಅನೇಕ ಸ್ಟುಡಿಯೋಗಳಿಗೂ, ಎಕ್ಸ್‌ರೇ ಫಿಲ್ಮು ಆಸ್ಪತ್ರೆಗಳಿಗೂ ಹೋಗುತ್ತಿತ್ತು. ಡಿಜಿಟಲ್ ಪದ್ಧತಿಯು ಹಬ್ಬಿದ ಮೇಲೆ ಅದು ಮುಚ್ಚಿಹೋಯಿತು.

ಡಿಜಿಟಲ್ ಚಿತ್ರ ಮೂಡುವ ಬಗೆ

ಫಿಲ್ಮಿನ ಚಿತ್ರವು ಹರವಿದ ರಾಗಿಯಾದರೆ ಡಿಜಿಟಲ್ ಚಿತ್ರವು ಚುಕ್ಕಿಯ ರಂಗೋಲಿಯೆನ್ನಬಹುದು. ಫಿಲ್ಮಿರಬೇಕಾದ ಸ್ಥಳದಲ್ಲಿ ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆಯೊಂದು ಇರುತ್ತದೆ. ಅದರ ಮೇಲೆ ಸಾಲುಸಾಲಾಗಿ, ಲೆಕ್ಕಕ್ಕೆ ತಪ್ಪದಂತೆ, ಲಕ್ಷಗಟ್ಟಲೆ ಸಣ್ಣ ಸಣ್ಣ ಮನೆಗಳಿರುತ್ತವೆ. ಒಂದೊಂದು ಮನೆಯೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾಡಿ ಕೂಡಿಟ್ಟುಕೊಳ್ಳುತ್ತದೆ. ಯಂತ್ರವು ಅದನ್ನು ಅಳೆದು ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಹೀಗೆ ದೊರೆತ ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಹತ್ತು ಲಕ್ಷ ಪಿಕ್ಸೆಲ್ ಕೂಡಿದರೆ ಒಂದು ಮೆಗಾಪಿಕ್ಸೆಲ್. ಈ ಮನೆಗಳಿಗೆ ಬೆಳಕಿನ ಬಣ್ಣ ತಿಳಿಯದು. ಆದ್ದರಿಂದ ಅರ್ಧ ಮನೆಗಳ ಮೇಲೆ ಹಸುರು, ಕಾಲುಭಾಗದ ಮೇಲೆ ಕೆಂಪು, ಉಳಿದ ಕಾಲುಭಾಗದ ಮೇಲೆ ನೀಲಿ ಗಾಜಿನಂಥ ಮುಚ್ಚಳವನ್ನಿಟ್ಟು, ಇಲ್ಲದ ಬಣ್ಣಗಳನ್ನು ನೆರೆಮನೆಗಳ ಅಂಕಿಗಳಿಂದ ಊಹಿಸುತ್ತಾರೆ. ಬ್ರೈಸ್ ಬೇಯರ್ ಎಂಬುವರು ೧೯೭೬ರಲ್ಲಿ ಪೇಟೆಂಟು ಪಡೆದ ಈ ಕ್ರಮವೇ ಇಂದಿಗೂ ಬಹುಮಟ್ಟಿಗೆ ನಡೆದುಬರುತ್ತಿದೆ.

ಬೆಳಕನ್ನು ಹೀಗೆ ವಿದ್ಯುತ್ತಾಗಿ ಹಿಡಿಯುವ ಸಿ.ಸಿ.ಡಿ. ಎಂಬ ಸಾಧನವನ್ನು ಅಮೇರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬುವರು ೧೯೬೯ರಲ್ಲಿ ಕಲ್ಪಿಸಿದರು; ಅದಕ್ಕಾಗಿ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ೧೯೭೫ರಲ್ಲಿ ಕೊಡಕ್ ಸಂಸ್ಥೆಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಅವರು ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಉದ್ದಕ್ಕೆ ೧೦೦, ಅಗಲಕ್ಕೆ ೧೦೦, ಒಟ್ಟು ೧೦,೦೦೦ ಚುಕ್ಕಿಗಳಿದ್ದವು. ಅದೊಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು ೨೩ ಸೆಕೆಂಡು ಹಿಡಿಯಿತು. ಆ ದಿವಸ ಯಾರಾದರೂ ಫಿಲ್ಮಿನೊಡನೆ ಇದನ್ನು ಹೋಲಿಸಿದ್ದರೆ ನಗೆಗೀಡಾಗುತ್ತಿದ್ದರು. ಇಂದು ಸಾಧಾರಣವಾದ ಡಿಜಿಟಲ್ ಕ್ಯಾಮರಾದಲ್ಲಿ ೨೪೦ ಲಕ್ಷ ಚುಕ್ಕಿಗಳಿರುತ್ತವೆ.

ಹಿಂದಿನ ಸಾಲಿನ ಲೆಕ್ಕ

ಈಗ ನಮ್ಮ ಅಳತೆಗೋಲನ್ನು ಕೈಗೆ ತೆಗೆದುಕೊಳ್ಳೋಣ. ಒಂದು ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ೨೦ ಮಂದಿ ಹುಡುಗಿಯರು ಒತ್ತಾಗಿ ನಿಂತಿದ್ದಾರೆಂದು ಭಾವಿಸಿರಿ. ಒಬ್ಬೊಬ್ಬಳಿಗೆ ದೊರೆಯುವ ಜಾಗದಲ್ಲಿ ಮುಖದ ಪಾಲು ಐದರಲ್ಲಿ ಎರಡು ಭಾಗ. ಚಿತ್ರಕಲೆಯ ತರಗತಿಯಲ್ಲಿ ಕಲಿಸುವಂತೆ, ಮುಖದ ಅಗಲವು ಸುಮಾರು ಐದು ಕಣ್ಣುಗಳ ಅಗಲಕ್ಕೆ ಸಮ. ಈ ಎರಡು ಪ್ರಮಾಣಗಳೇ ನಮ್ಮ ಲೆಕ್ಕಕ್ಕೆ ಸಾಕು.

ಹಳೆಯ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮರಾವನ್ನಿಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ತೆಗೆಯುತ್ತಿದ್ದ ಚಿತ್ರಗಳ ಪ್ಲೇಟು ಅನೇಕ ವೇಳೆ ಎಂಟೂವರೆ ಅಂಗುಲ ಉದ್ದ, ಆರೂವರೆ ಅಂಗುಲ ಅಗಲದ್ದು. ಅಂಚನ್ನು ಬಿಟ್ಟರೆ ೨೦ ಮಂದಿಗೆ ೨೦೦ ಮಿಲಿಮೀಟರ್ ದೊರೆಯಿತು. ಒಬ್ಬೊಬ್ಬಳಿಗೆ ೧೦, ಮುಖಕ್ಕೆ ೪. ಒಂದು ಮಿಲಿಮೀಟರಿನಲ್ಲಿ ೬೦ ಚುಕ್ಕಿಗಳಷ್ಟು ವಿವರ ಮಾತ್ರ ನಿಂತಿತೆಂದು ಬಿಗಿಯಾಗಿಯೇ ಎಣಿಸಿದರೂ ಮುಖದ ಅಗಲಕ್ಕೆ ೨೪೦ ಚುಕ್ಕಿ, ಒಂದು ಕಣ್ಣಿಗೆ ೪೮ ಚುಕ್ಕಿ.

ತರುವಾಯ ಬಂದ ಸಣ್ಣ ಕ್ಯಾಮರಾಗಳ ೩೫ ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರದ ಉದ್ದ ೩೬ ಮಿಲಿಮೀಟರ್ ಮಾತ್ರ. ಅದರಲ್ಲಿ ಒಬ್ಬಳಿಗೆ ಒಂದು ಮುಕ್ಕಾಲು ಮಿಲಿಮೀಟರ್, ಮುಖಕ್ಕೆ ೦.೭. ಒಳ್ಳೆಯ ಲೆನ್ಸೂ ನಯವಾದ ಫಿಲ್ಮೂ ಕೂಡಿ ಮಿಲಿಮೀಟರಿಗೆ ೧೦೦ ಚುಕ್ಕಿ ದೊರೆತರೂ ಮುಖಕ್ಕೆ ೭೦, ಕಣ್ಣಿಗೆ ೧೪.

೨೪ ಮೆಗಾಪಿಕ್ಸೆಲ್ಲಿನ ಡಿಜಿಟಲ್ ಕ್ಯಾಮರಾದಲ್ಲಿ ಚಿತ್ರದ ಉದ್ದಕ್ಕೆ ೬,೦೦೦ ಚುಕ್ಕಿ. ಅಂಚು ಬಿಟ್ಟು ಲೆಕ್ಕ ಹಾಕಿದರೆ ಮುಖಕ್ಕೆ ಸುಮಾರು ೧೧೦, ಕಣ್ಣಿಗೆ ೨೨. ೧೨ ಮೆಗಾಪಿಕ್ಸೆಲ್ಲಿನ ಮೊಬೈಲ್ ಫೋನಿನ ಚಿತ್ರದಲ್ಲಿ ಉದ್ದಕ್ಕೆ ೪,೦೦೦. ಮುಖಕ್ಕೆ ೭೫, ಕಣ್ಣಿಗೆ ೧೫. ಅದೇ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಕ್ರಮದಲ್ಲಿ ಕಳುಹಿಸಿದರೆ ಅದು ದಾರಿಯಲ್ಲಿ ಕುಗ್ಗಿ ಉದ್ದಕ್ಕೆ ಸುಮಾರು ೧,೬೦೦ ಚುಕ್ಕಿಗಳಾಗಿ ತಲಪುತ್ತದೆ. ಮುಖಕ್ಕೆ ೩೦, ಕಣ್ಣಿಗೆ ಆರೇ ಆರು ಚುಕ್ಕಿ. ಆರು ಚುಕ್ಕಿಗಳಲ್ಲಿ ಒಂದು ಕಣ್ಣನ್ನು ಬಿಡಿಸಲು ರಂಗೋಲಿಯಲ್ಲಿ ಪಳಗಿದ ಕೈಗೂ ಸಾಧ್ಯವಾಗದು.

ಹರಳಿನ ವಿವರವನ್ನು ಚುಕ್ಕಿಯ ಲೆಕ್ಕಕ್ಕೆ ತಿರುಗಿಸುವುದು ಸ್ಥೂಲವಾದ ಕ್ರಮವೆಂಬುದನ್ನೂ, ಡಿಜಿಟಲ್ಲಿನಲ್ಲಿ ಬಣ್ಣದ ಊಹೆಯಿಂದ ವಿವರ ಸ್ವಲ್ಪ ತಗ್ಗುವುದೆಂಬುದನ್ನೂ ಸೂಕ್ಷ್ಮಜ್ಞರು ಹೇಳಬಹುದು. ಅದನ್ನು ಒಪ್ಪಿದರೂ ಮುಖ್ಯವಾದ ಸಂಗತಿ ಬದಲಾಗದು. ಒಳ್ಳೆಯ ಡಿಜಿಟಲ್ ಕ್ಯಾಮರಾವು ೩೫ ಮಿಲಿಮೀಟರಿನ ಸಣ್ಣ ಫಿಲ್ಮನ್ನು ವಿವರದಲ್ಲಿ ಮೀರಿದೆ. ಒಳ್ಳೆಯ ಬೆಳಕಿನಲ್ಲಿ ಫೋನು ಕೂಡ ಅದಕ್ಕೆ ಸಮೀಪವಾಗಿದೆ. ಆದರೆ ಅಜ್ಜಿಯ ಕಾಲದ ದೊಡ್ಡ ಪ್ಲೇಟಿಗೆ ಇವು ಇನ್ನೂ ಸಾಟಿಯಲ್ಲ. ಹಾಗಾದರೆ ಗೆದ್ದದ್ದು ಫಿಲ್ಮೋ ಡಿಜಿಟಲ್ಲೋ? ಗೆದ್ದದ್ದು ಜಾಗ. ಬೆಳಕು ಹಿಡಿಯುವ ಮೈಯ ಮೇಲೆ ಒಂದೊಂದು ಮುಖಕ್ಕೆ ಎಷ್ಟು ಸ್ಥಳ ಸಿಕ್ಕಿತೆಂಬುದೇ ಆ ಮುಖದ ಭಾಗ್ಯವನ್ನು ನಿರ್ಣಯಿಸುತ್ತದೆ.

ಹಂಪೆಯ ನಿದರ್ಶನ

ಜಾಗದ ಬೆಲೆಯನ್ನು ತಿಳಿಯಲು ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ೧೮೫೬ರಲ್ಲಿ, ಅಂದರೆ ಫಿಲ್ಮು ಹುಟ್ಟುವುದಕ್ಕೆ ಬಹಳ ಮುಂಚೆ, ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ಹಂಪೆಯ ಪಾಳುಗಳ ಚಿತ್ರಗಳನ್ನು ತೆಗೆದನು. ಅವನು ಉಪಯೋಗಿಸಿದ್ದು ಮೇಣ ಹಿಡಿಸಿದ ಕಾಗದದ ನೆಗೆಟಿವು. ಒಂದೊಂದೂ ಒಂದೂವರೆ ಅಡಿಗೆ ಸಮೀಪವಾದ ದೊಡ್ಡ ಹಾಳೆ. ಕಾಗದದ ನಾರು ಚಿತ್ರವನ್ನು ಸ್ವಲ್ಪ ಮಸುಕು ಮಾಡುವುದು ಸಹಜ. ಆದರೂ ಹಾಳೆ ಅಷ್ಟು ದೊಡ್ಡದಾದುದರಿಂದ ಕಂಬದ ಕೆತ್ತನೆ, ಗೋಡೆಯ ಬಿರುಕು ಮುಂತಾದುವು ಇಂದಿಗೂ ಓದಲು ಬರುತ್ತವೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು, ಈಗ ಅದಿಲ್ಲ. ಇತ್ತೆಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಬಹುಕಾಲ ಕಣ್ಮರೆಯಾಗಿದ್ದ ಈ ನೆಗೆಟಿವುಗಳು ೧೯೮೦ರಲ್ಲಿ ಮತ್ತೆ ಬೆಳಕಿಗೆ ಬಂದುವು. ೧೯೮೩ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಹೊಸ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ೧೨೭ ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಚಿತ್ರ ತೆಗೆದಾತನಿಗೆ ಮುಂದಿನವರು ಅದರಲ್ಲಿ ಏನನ್ನು ಹುಡುಕುವರೆಂಬುದು ತಿಳಿದಿರಲಾರದು. ತಿಳಿಯದಿದ್ದರೂ ಅವರಿಗೆ ಸಿಕ್ಕುವಷ್ಟು ವಿವರವನ್ನು ಬಿಟ್ಟುಹೋಗುವುದೇ ಚಿತ್ರದ ಗುಣ.

ಬಿಸಿಲು, ನೆರಳು, ದೀಪದ ಬೆಳಕು

ವಿವರವೊಂದೇ ಗುಣವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಪಿಲಾ ನದಿಯ ಮೆಟ್ಟಿಲ ಮೇಲೆ ನಿಂತು ನೋಡಿದರೆ ನೀರಿನ ಮೇಲಿನ ಹೊಳಪೂ ಕಾಣುತ್ತದೆ, ಮಂಟಪದೊಳಗಿನ ಮಬ್ಬೂ ಕಾಣುತ್ತದೆ. ನಮ್ಮ ಕಣ್ಣಿಗೆ ಸಾಧ್ಯವಾದ ಈ ಕೆಲಸ ಕ್ಯಾಮರಾಕ್ಕೆ ಕಷ್ಟ. ಬೆಳಕು ಇಮ್ಮಡಿಯಾಗುವುದನ್ನು ಒಂದು ಮೆಟ್ಟಿಲೆಂದು ಎಣಿಸಿದರೆ, ಸ್ಲೈಡ್ ಫಿಲ್ಮು ಐದಾರು ಮೆಟ್ಟಿಲುಗಳನ್ನು ಮಾತ್ರ ಹಿಡಿಯಬಲ್ಲದು. ಬಣ್ಣದ ನೆಗೆಟಿವು ಹತ್ತಕ್ಕೂ ಹೆಚ್ಚು. ಇಂದಿನ ಉತ್ತಮ ಡಿಜಿಟಲ್ ಕ್ಯಾಮರಾ ಹನ್ನೆರಡರಿಂದ ಹದಿನಾಲ್ಕು.

ಅಂಕಿಯಲ್ಲಿ ಡಿಜಿಟಲ್ ಮುಂದಿದ್ದರೂ ಎರಡರ ಸ್ವಭಾವ ಬೇರೆ. ಡಿಜಿಟಲ್ಲಿನ ಒಂದೊಂದು ಮನೆಯೂ ಒಂದು ಕೊಡವಿದ್ದಂತೆ. ಕಂಠದವರೆಗೆ ತುಂಬಿದ ಮೇಲೆ ಬಿದ್ದ ಬೆಳಕೆಲ್ಲ ವ್ಯರ್ಥ. ಬಿಸಿಲಿನಲ್ಲಿ ನಿಂತ ಹುಡುಗಿಯ ಬಿಳಿಯ ರವಿಕೆಯು ಮಡಿಕೆ, ಗುಂಡಿ, ನೆರಿಗೆಗಳೊಂದೂ ಇಲ್ಲದೆ ಸುಣ್ಣ ಬಳಿದ ಗೋಡೆಯಂತೆ ಬಂದರೆ ಕಾರಣವಿದೇ. ನೆಗೆಟಿವ್ ಫಿಲ್ಮಾದರೋ ಒಣನೆಲ ನೀರು ಹೀರುವಂತೆ ಮೊದಲು ಬೇಗ, ಅನಂತರ ನಿಧಾನವಾಗಿ ಬೆಳಕನ್ನು ಹೀರುತ್ತದೆ. ಹೆಚ್ಚಾದ ಬೆಳಕಿನಲ್ಲಿಯೂ ಏನನ್ನಾದರೂ ಉಳಿಸಿಕೊಳ್ಳುತ್ತದೆ. ಹಳೆಯ ಚಿತ್ರಗಳ ಬಿಳುಪು ಮೃದುವೆಂದು ನಮ್ಮ ಹಿರಿಯ ವಿದ್ಯಾರ್ಥಿನಿಯರು ಹೇಳುವುದು ಭ್ರಾಂತಿಯಲ್ಲ. ನೆರಳಿನ ಕಡೆ ಮಾತ್ರ ಇದಕ್ಕೆ ವಿಪರೀತ: ಬೆಳಕು ಸಾಲದೆಹೋದ ಫಿಲ್ಮಿನಿಂದ ಏನನ್ನೂ ತೆಗೆಯಲಾಗದು; ಡಿಜಿಟಲ್ಲಿನ ಕತ್ತಲೆಯಿಂದ ಎಷ್ಟನ್ನೋ ಮೇಲೆತ್ತಬಹುದು. ಆದುದರಿಂದ ಫಿಲ್ಮಿನವರು ನೆರಳನ್ನು ನೋಡಿ ಬೆಳಕು ಅಳೆಯಬೇಕು, ಡಿಜಿಟಲ್ಲಿನವರು ಬಿಳುಪನ್ನು ನೋಡಿ ಅಳೆಯಬೇಕು.

ದೀಪದ ಬೆಳಕಿನ ವಿಷಯದಲ್ಲಿ ಚರ್ಚೆಗೇ ಎಡೆಯಿಲ್ಲ. ಶಾಲೆಯ ವಾರ್ಷಿಕೋತ್ಸವದ ನಾಟಕ ಸಂಜೆ ನಡೆಯುವಾಗ ಹಿಂದೆ ಬಲ್ಬು ಬೆಳಗಿಸದೆ ಚಿತ್ರ ತೆಗೆಯುವಂತಿರಲಿಲ್ಲ. ತೆಗೆದರೆ ಕಾಳುಕಾಳಾಗಿಯೋ, ಕೈ ಅಲುಗಿ ಮಸುಕಾಗಿಯೋ ಬರುತ್ತಿತ್ತು. ಹಗಲಿನ ಬಣ್ಣದ ಫಿಲ್ಮನ್ನು ದೀಪದ ಕೆಳಗೆ ಉಪಯೋಗಿಸಿದರೆ ಎಲ್ಲರೂ ಅರಿಸಿನ ಮೆತ್ತಿಕೊಂಡವರಂತೆ ಕಾಣುತ್ತಿದ್ದರು. ಡಿಜಿಟಲ್ ಕ್ಯಾಮರಾ ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹಗಲಿಗಿಂತ ಎಷ್ಟೋ ಪಾಲು ಮಂದವಾದ ಬೆಳಕಿನಲ್ಲಿಯೂ ಮುಖಗಳನ್ನು ತಿಳಿಯಾಗಿ ಹಿಡಿಯುತ್ತದೆ. ಅಲ್ಲದೆ ಒಬ್ಬಳು ಕಣ್ಣು ಮುಚ್ಚಿದಳೆಂದರೆ ಆ ಕ್ಷಣವೇ ಮತ್ತೊಂದು ಚಿತ್ರ ತೆಗೆಯಬಹುದು. ಪ್ಲೇಟಿನ ಕಾಲದಲ್ಲಿ ಅರ್ಧ ಸೆಕೆಂಡಿನಷ್ಟು ಹೊತ್ತು ಬೊಂಬೆಯಂತೆ ನಿಲ್ಲಬೇಕಾಗಿತ್ತು. ತಲೆಯಾಡಿಸಿದವಳ ಮುಖ ಎಂದೆಂದಿಗೂ ಮಸುಕೇ.

ಫೋನಿಗೆ ಒಂದು ಮಿತಿಯುಂಟು. ಅದರ ಸೆನ್ಸರು ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಅಲ್ಲಿಗೆ ಬೀಳುವ ಬೆಳಕೂ ಅಲ್ಪ. ಆ ಕೊರತೆಯನ್ನು ಫೋನು ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ: ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಬೆರೆಸುತ್ತದೆ, ಒರಟನ್ನು ಒರೆಸುತ್ತದೆ, ಅಂಚನ್ನು ತೀಡುತ್ತದೆ. ಒರೆಸುವಾಗ ಒರಟಿನೊಡನೆ ಹುಬ್ಬಿನ ಕೂದಲೂ ಒರೆಸಿಹೋಗುವುದುಂಟು.

ಬಟ್ಟೆಯೂ ಮೈಬಣ್ಣವೂ

ಹುಡುಗಿಯರ ಶಾಲೆಯಲ್ಲಿ ಗಮನಿಸತಕ್ಕ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಬಟ್ಟೆ. ಸಣ್ಣ ಚೌಕಳಿಯ ಸಮವಸ್ತ್ರವನ್ನೋ, ಒತ್ತಾದ ಗೆರೆಗಳ ಸೀರೆಯನ್ನೋ ಡಿಜಿಟಲ್ ಕ್ಯಾಮರಾದಿಂದ ತೆಗೆದಾಗ ಬಟ್ಟೆಯಲ್ಲಿಲ್ಲದ ಅಲೆಗಳೂ ಕಾಮನಬಿಲ್ಲಿನ ಬಣ್ಣಗಳೂ ಕಾಣಿಸಿಕೊಳ್ಳುವುದುಂಟು. ಬಟ್ಟೆಯ ಸಾಲಿಗೂ ಸೆನ್ಸರಿನ ಸಾಲಿಗೂ ತಾಕಲಾಟವಾಗುವುದೇ ಇದಕ್ಕೆ ಕಾರಣ. ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದರೆ ಇದೇ ಬಗೆಯ ಅಲೆ ಕಾಣುವುದನ್ನು ಮನೆಯಲ್ಲಿಯೇ ನೋಡಬಹುದು. ಫಿಲ್ಮಿನ ಹರಳುಗಳಿಗೆ ಸಾಲೇ ಇಲ್ಲದುದರಿಂದ ಅಲ್ಲಿ ಈ ದೋಷ ಬಾರದು. ಒಂದೆರಡು ಹೆಜ್ಜೆ ಮುಂದೆ ಹೋಗಿ ತೆಗೆದರೆ ಬಹುಮಟ್ಟಿಗೆ ಇದು ನಿವಾರಣೆಯಾಗುತ್ತದೆ.

ಎರಡನೆಯದು ಮೈಬಣ್ಣ. ಈ ವಿಷಯದಲ್ಲಿ ಎರಡೂ ಪದ್ಧತಿಗಳು ನಮ್ಮ ಹೆಣ್ಣುಮಕ್ಕಳಿಗೆ ಸಂಪೂರ್ಣವಾಗಿ ನ್ಯಾಯ ಸಲ್ಲಿಸಿಲ್ಲ. ಬಣ್ಣದ ಪ್ರಿಂಟುಗಳನ್ನು ಹದಗೊಳಿಸಲು ಕೊಡಕ್ ಸಂಸ್ಥೆಯು ೧೯೫೦ರ ದಶಕದಿಂದ ಲ್ಯಾಬುಗಳಿಗೆ ಒದಗಿಸುತ್ತಿದ್ದ ಮಾದರಿಯ ಚಿತ್ರಕ್ಕೆ ‘ಷರ್ಲಿ ಕಾರ್ಡ್’ ಎಂದು ಹೆಸರು; ಬಹುಕಾಲ ಅದರಲ್ಲಿದ್ದುದು ಬಿಳಿಯ ಹೆಂಗಸಿನ ಚಿತ್ರ. ಅವಳ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿಯೆಂದು ಭಾವಿಸುತ್ತಿದ್ದುದರಿಂದ, ಕಪ್ಪು ಮೈಬಣ್ಣದವರ ಮುಖದ ವಿವರಗಳು ಅಡಗಿಹೋಗುತ್ತಿದ್ದವು. ಬೇರೆ ಬೇರೆ ಮೈಬಣ್ಣದವರ ಮಾದರಿಗಳು ಬಳಕೆಗೆ ಬಂದದ್ದು ೧೯೯೦ರ ದಶಕದಲ್ಲಿ. ಈಗಿನ ಡಿಜಿಟಲ್ ಯಂತ್ರಗಳು ಗಾಢವಾದ ಬಣ್ಣಗಳ ಸೂಕ್ಷ್ಮಭೇದಗಳನ್ನು ಹಿಡಿಯಬಲ್ಲವು. ಆದರೆ ಅನೇಕ ಫೋನುಗಳಲ್ಲಿ ಮುಖವನ್ನು ‘ಚೆಂದಗೊಳಿಸುವ’ ಏರ್ಪಾಡೊಂದಿರುತ್ತದೆ. ಅದು ಕೇಳದೆಯೇ ಮುಖವನ್ನು ಬೆಳ್ಳಗೆ ಮಾಡಿ, ಮಚ್ಚೆಯನ್ನು ಅಳಿಸಿ, ಕೆನ್ನೆಯನ್ನು ಮೇಣದಂತೆ ಮಾಡುತ್ತದೆ. ಹೀಗೆ ತಿದ್ದಿದ ಚಿತ್ರ ನೋಡಲು ಸೊಗಸಾದರೂ ಅದು ಆ ಹುಡುಗಿಯ ಚಿತ್ರವಲ್ಲ. ತನ್ನ ಬಣ್ಣ ತಿದ್ದಬೇಕಾದ ತಪ್ಪೆಂಬ ಪಾಠವನ್ನು ಯಾವ ಯಂತ್ರದಿಂದಲೂ ನಮ್ಮ ಮಕ್ಕಳು ಕಲಿಯಬಾರದು. ಶಾಲೆಯ ಚಿತ್ರಗಳನ್ನು ತೆಗೆಯುವವರು ಆ ಏರ್ಪಾಡನ್ನು ಮೊದಲು ನಿಲ್ಲಿಸತಕ್ಕದ್ದು.

ಎಷ್ಟು ಕಾಲ ಉಳಿದೀತು

ಚೆನ್ನಾಗಿ ತೊಳೆದು ಒಣಗಿಸಿದ ಕಪ್ಪುಬಿಳುಪಿನ ನೆಗೆಟಿವಿನಲ್ಲಿರುವುದು ಬೆಳ್ಳಿ. ಅದು ನೂರು ವರ್ಷಗಳನ್ನು ಮೀರಿ ಬಾಳಬಲ್ಲದು. ಬಣ್ಣದ ಫಿಲ್ಮಿನಲ್ಲಿಯೂ ಪ್ರಿಂಟಿನಲ್ಲಿಯೂ ಇರುವುದು ವರ್ಣದ್ರವ್ಯ. ಅದು ಬೆಳಕಿನಲ್ಲಿಯೂ ಶೆಖೆಯಲ್ಲಿಯೂ ಕಳೆಗುಂದುತ್ತದೆ. ಅಸಿಟೇಟ್ ಫಿಲ್ಮು ತೇವದಲ್ಲಿ ಕೆಟ್ಟರೆ ವಿನಿಗರಿನಂಥ ಹುಳಿವಾಸನೆ ಬರುತ್ತದೆ. ಆ ವಾಸನೆ ಬಂದ ಫಿಲ್ಮನ್ನು ಬೇರೆಯವುಗಳಿಂದ ಕೂಡಲೆ ದೂರವಿಡಬೇಕು. ಮಳೆಗಾಲದಲ್ಲಿ ಬೂಷ್ಟು ಜೆಲಟಿನ್ನನ್ನೇ ತಿನ್ನುತ್ತದೆ.

ಡಿಜಿಟಲ್ ಚಿತ್ರ ಅಂಕಿಗಳ ಪಟ್ಟಿಯಾದುದರಿಂದ ಬಣ್ಣ ಮಾಸುವುದಿಲ್ಲ. ಎಷ್ಟು ಪ್ರತಿ ಮಾಡಿದರೂ ಮೂಲಕ್ಕೂ ಪ್ರತಿಗೂ ಭೇದವಿಲ್ಲ. ಆದರೆ ಅದು ಮಾಸದಿದ್ದರೂ ಒಮ್ಮೆಗೇ ಮಾಯವಾಗುತ್ತದೆ. ಫೋನು ನೀರಿಗೆ ಬಿತ್ತು, ಡಿಸ್ಕು ಕೆಟ್ಟಿತು ಎಂದರೆ ಹತ್ತು ವರ್ಷಗಳ ಚಿತ್ರಗಳು ಹೋದಂತೆಯೇ. ಪೆಟ್ಟಿಗೆಯ ತಳದಲ್ಲಿ ಮರೆತುಹೋದ ನೆಗೆಟಿವು ಐವತ್ತು ವರ್ಷಗಳ ಮೇಲೆ ದೊರೆತರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬಹುದು; ಮರೆತುಹೋದ ಡಿಸ್ಕಿಗೆ ಆ ಭರವಸೆಯಿಲ್ಲ.

ಆದ್ದರಿಂದ ಬುದ್ಧಿವಂತರು ಎರಡನ್ನೂ ಕೂಡಿಸಿಕೊಳ್ಳುತ್ತಾರೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹಳೆಯ ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆಗಳ ಭಂಡಾರದಲ್ಲಿ ಭದ್ರವಾಗಿವೆ. ಅವುಗಳ ಡಿಜಿಟಲ್ ಪ್ರತಿಗಳನ್ನು ಅಂತರ್ಜಾಲದಲ್ಲಿ ಕನ್ನಡ ಜಿಲ್ಲೆಯ ಹಳ್ಳಿಯಲ್ಲಿ ಕುಳಿತವರೂ ನೋಡಬಹುದು. ಮೂಲ ಉಳಿಯಿತು, ಪ್ರತಿ ಹರಡಿತು.

ನಮ್ಮ ತೀರ್ಮಾನವೂ ಅರಿಕೆಯೂ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಮಂದ ಬೆಳಕಿನಲ್ಲಿ, ಶೀಘ್ರತೆಯಲ್ಲಿ, ಸಣ್ಣ ಫಿಲ್ಮಿನೊಡನೆ ಹೋಲಿಸಿದರೆ ವಿವರದಲ್ಲಿಯೂ ಡಿಜಿಟಲ್ ಮೇಲು. ಬಿಳುಪಿನ ಮೃದುತ್ವದಲ್ಲಿ, ಸಾಲುಗಳ ತಾಕಲಾಟವಿಲ್ಲದಿರುವಿಕೆಯಲ್ಲಿ, ಹಾಳೆ ದೊಡ್ಡದಾದಾಗ ವಿವರದಲ್ಲಿಯೂ ಫಿಲ್ಮು ಮೇಲು. ಎರಡರಲ್ಲಿಯೂ ಮುಖಕ್ಕೆ ಜಾಗ ಕೊಡದವನು ಕೆಡುತ್ತಾನೆ.

ಜಾಗ ಕೊಡಲು ಹೆಚ್ಚು ಬೆಲೆಯ ಕ್ಯಾಮರಾ ಬೇಕಿಲ್ಲ. ಮುಖದ ಅಗಲದಲ್ಲಿ ಚುಕ್ಕಿಗಳು ಇಮ್ಮಡಿಯಾಗಬೇಕಾದರೆ ನಾಲ್ಕು ಪಾಲು ಮೆಗಾಪಿಕ್ಸೆಲ್ಲಿನ ಯಂತ್ರ ಬೇಕಾದೀತು; ಸಾಲಿಗೆ ೨೦ ಮಂದಿಯ ಬದಲು ಹತ್ತೇ ಮಂದಿಯನ್ನು ನಿಲ್ಲಿಸಿ ಎರಡು ಚಿತ್ರ ತೆಗೆದರೆ ಅದೇ ಫಲ ಖರ್ಚಿಲ್ಲದೆ ದೊರೆಯುತ್ತದೆ. ಈ ವರ್ಷದಿಂದ ನಮ್ಮ ಶಾಲೆಯ ತರಗತಿಯ ಚಿತ್ರಗಳನ್ನು ಹೀಗೆಯೇ ತೆಗೆಸಲು ನಿಶ್ಚಯಿಸಿದ್ದೇವೆ. ಬೆಳಗಿನ ಅಥವಾ ಸಂಜೆಯ ತಂಪು ಬೆಳಕಿನಲ್ಲಿ, ಎಲ್ಲರನ್ನೂ ಒಂದೇ ನೆರಳಿನಲ್ಲಿ ನಿಲ್ಲಿಸಿ, ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲಿಟ್ಟು ತೆಗೆಯುವುದು ಉತ್ತಮ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಅರಿಕೆಗಳು ಕೆಲವಿವೆ. ಮೊದಲನೆಯದಾಗಿ, ಮನೆಯಲ್ಲಿ ನೆಗೆಟಿವುಗಳಿದ್ದರೆ ಪ್ರಿಂಟು ಇದೆಯಲ್ಲವೇ ಎಂದು ಎಸೆಯಬೇಡಿರಿ. ಪ್ರಿಂಟಿಗಿಂತ ಹೆಚ್ಚಿನ ವಿವರ ಅದರಲ್ಲಿರುತ್ತದೆ. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಕಾಗದದ ಲಕೋಟೆಯಲ್ಲಿ, ತೇವ ತಗುಲದ ಬೀರುವಿನಲ್ಲಿಡಿರಿ. ಎರಡನೆಯದಾಗಿ, ಹಳೆಯ ಪ್ರಿಂಟನ್ನು ಸ್ಕ್ಯಾನ್ ಮಾಡಿಸುವಾಗ ಅಂಗುಲಕ್ಕೆ ೬೦೦ ಚುಕ್ಕಿಗಳಿಗೆ ಕಡಿಮೆಯಾಗದಂತೆ, ೩೫ ಮಿಲಿಮೀಟರಿನ ನೆಗೆಟಿವಾದರೆ ೨,೪೦೦ಕ್ಕೆ ಕಡಿಮೆಯಾಗದಂತೆ ಮಾಡಿಸಿರಿ. ಸ್ಕ್ಯಾನರ್ ಇಲ್ಲದಿದ್ದರೆ ಪ್ರಿಂಟನ್ನು ಚೌಕಟ್ಟಿನ ಗಾಜಿನಿಂದ ಹೊರತೆಗೆದು, ಬಾಗಿಲ ಬಳಿಯ ಬೆಳಕಿನಲ್ಲಿ ಚಪ್ಪಟೆಯಾಗಿಟ್ಟು, ನೇರ ಮೇಲಿನಿಂದ ಫೋನಿನಲ್ಲಿ ತೆಗೆಯಬಹುದು. ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಬಾರದು. ಮೂರನೆಯದಾಗಿ, ನಮಗೆ ಕಳುಹಿಸುವಾಗ ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸದೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿರಿ. ಆಗ ಅದು ಕುಗ್ಗದೆ ತಲಪುತ್ತದೆ. ನಾಲ್ಕನೆಯದಾಗಿ, ಮುಖ್ಯವಾದ ಚಿತ್ರಗಳ ಪ್ರತಿಯನ್ನು ಎರಡು ಮೂರು ಕಡೆ ಇಡಿರಿ, ಒಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಪ್ರಿಂಟು ಹಾಕಿಸಿರಿ.

ಕಡೆಯದಾಗಿ, ಪ್ರಿಂಟಿನ ಹಿಂಭಾಗದಲ್ಲಿ ಮೆತುವಾದ ಪೆನ್ಸಿಲಿನಿಂದ, ಅದುಮದೆ, ವರ್ಷವನ್ನೂ ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಬರೆದಿಡಿರಿ. ನಮ್ಮ ಕಛೇರಿಯ ಗೋಡೆಯ ಮೇಲಿನ ಹಳೆಯ ಚಿತ್ರಗಳಲ್ಲಿ ಮುಖಗಳು ನಿಚ್ಚಳವಾಗಿಯೇ ಇವೆ, ಹೆಸರುಗಳು ಅನೇಕವಾಗಿ ಇಲ್ಲ. ಆ ಹೆಸರುಗಳನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಹೆಸರನ್ನು ಹಿಡಿಯುವ ಕ್ಯಾಮರಾ ಫಿಲ್ಮಿನಲ್ಲಿಯೂ ಇರಲಿಲ್ಲ, ಡಿಜಿಟಲ್ಲಿನಲ್ಲಿಯೂ ಇಲ್ಲ. ಈ ಸಂಚಿಕೆಯ ಬಿಡುಗಡೆಯ ದಿವಸ ಆ ಚಿತ್ರಗಳನ್ನೆಲ್ಲ ಸಭಾಂಗಣದ ಮೇಜುಗಳ ಮೇಲೆ ಇಡಿಸುತ್ತೇವೆ. ಪಕ್ಕದಲ್ಲಿ ಪೆನ್ಸಿಲೂ ಕಾಗದವೂ ಇರುತ್ತವೆ. ಹಿರಿಯ ವಿದ್ಯಾರ್ಥಿನಿಯರು ದಯಮಾಡಿ ಬಂದು, ತಮ್ಮ ಪಕ್ಕದಲ್ಲಿ ನಿಂತವರ ಹೆಸರುಗಳನ್ನು ಬರೆದುಕೊಡಬೇಕೆಂದು ಪ್ರಾರ್ಥಿಸುತ್ತೇವೆ.